ಟೈಲ್ಸ್ ಒಡೆಯದೆ ಹಳೆಯ ಬಚ್ಚಲುಮನೆಯನ್ನು ಹೊಸದಾಗಿಸುವುದು

ಇಪ್ಪತ್ತು ಇಪ್ಪತ್ತೈದು ವರ್ಷ ಹಳೆಯ ಬಚ್ಚಲುಮನೆಯೊಳಗೆ ಇಣುಕಿದ ಗುತ್ತಿಗೆದಾರರು ಸಾಮಾನ್ಯವಾಗಿ ಹೇಳುವ ಮೊದಲ ಮಾತು, ‘ಎಲ್ಲ ಒಡೆದು ಹೊಸದಾಗಿ ಹಾಕಿಬಿಡೋಣ’ ಎಂಬುದು. ಒಡೆಯುವುದೆಂದರೆ ಟೈಲ್ಸ್ ಜೊತೆಗೆ ಅದರ ಹಿಂದಿನ ಗಾರೆ, ನೆಲದಡಿಯ ವಾಟರ್‌ಪ್ರೂಫಿಂಗ್, ಗೋಡೆಯೊಳಗಿನ ಪೈಪು ಎಲ್ಲವೂ ಕಿತ್ತು ಬಂದಂತೆಯೇ. ಖರ್ಚು ಲಕ್ಷದ ಕಡೆಗೆ ನಡೆಯುತ್ತದೆ, ಮನೆಮಂದಿ ವಾರಗಟ್ಟಲೆ ಧೂಳಿನಲ್ಲಿ ಇರಬೇಕಾಗುತ್ತದೆ. ಆದರೆ ಬಚ್ಚಲು ಹಳತಾಗಿ ಕಾಣುವುದಕ್ಕೆ ಟೈಲ್ಸ್ ಕಾರಣವಾಗಿರುವುದು ಅಪರೂಪ. ಬೋರ್‌ವೆಲ್ ನೀರಿನ ಬಿಳಿ ಕರೆ, ಟೈಲ್ಸ್ ಸಂದುಗಳಲ್ಲಿ ಕಪ್ಪಾದ ಸಿಮೆಂಟು, ತೊಟ್ಟಿಕ್ಕುವ ನಲ್ಲಿಗಳು ಮತ್ತು ಎಂದೂ ಪೂರ್ತಿ ಒಣಗದ ಸೂರು, ಇವು ಸೇರಿಯೇ ಆ ಹಳಸಿದ ನೋಟವನ್ನು ಕೊಡುತ್ತವೆ. ಇವೆಲ್ಲದರ ಮೂಲ ನೀರು. ಆದ್ದರಿಂದ ಮೊದಲು ನೀರಿನ ಕೆಲಸ ಮುಗಿಸಿ, ಆಮೇಲೆ ಅಲಂಕಾರಕ್ಕೆ ಕೈಹಾಕುವುದು ಈ ಲೇಖನದ ಕ್ರಮ.

ಬೆಂಗಳೂರಿನ ನಮ್ಮ ಮನೆಯ ಏಳು ಅಡಿಗೆ ಐದು ಅಡಿಯ ಬಚ್ಚಲನ್ನು ನಾಲ್ಕು ಭಾನುವಾರಗಳಲ್ಲಿ, ಸುಮಾರು ಎಂಟು ಸಾವಿರ ರೂಪಾಯಿಯಲ್ಲಿ ಹೀಗೆ ಸರಿಪಡಿಸಿಕೊಂಡೆ. ವಿದ್ಯುತ್ ಕೆಲಸಕ್ಕೆ ಕೊಟ್ಟ ಕೂಲಿ ಅದರಲ್ಲಿ ಸೇರಿಲ್ಲ. ಒಂದು ಕೆಲಸವನ್ನು ಕೆಡಿಸಿಯೂ ಬಿಟ್ಟೆ. ಅದನ್ನು ನಲ್ಲಿಯ ಭಾಗದಲ್ಲಿ ಹೇಳುತ್ತೇನೆ.

ಮೊದಲು ಪರೀಕ್ಷೆ

ಕೆಲವು ಬಚ್ಚಲುಗಳನ್ನು ನಿಜಕ್ಕೂ ಒಡೆಯಲೇಬೇಕು, ಅಂಥದ್ದಕ್ಕೆ ಮೇಲುಪಚಾರ ಮಾಡಿದರೆ ದುಡ್ಡು ಹಾಳು. ಇದನ್ನು ತಿಳಿಯಲು ಮೂರು ಸುಲಭ ಪರೀಕ್ಷೆಗಳಿವೆ.

ಒಂದು ನಾಣ್ಯ ತೆಗೆದುಕೊಂಡು ಪ್ರತಿ ಟೈಲನ್ನೂ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿಯಾದ ಮೊಟಕು ಸದ್ದು ಬಂದರೆ ಹಿಂದೆ ಗಾರೆ ತುಂಬಿದೆ ಎಂದರ್ಥ, ಟೊಳ್ಳು ಸದ್ದು ಬಂದರೆ ಟೈಲು ಗೋಡೆಯನ್ನು ಬಿಟ್ಟಿದೆ. ಅಲ್ಲೊಂದು ಇಲ್ಲೊಂದು ಟೊಳ್ಳಾದರೆ ಚಿಂತೆಯಿಲ್ಲ, ಒಂದು ಇಡೀ ಸಾಲು ಟೊಳ್ಳಾಗಿದ್ದರೆ ಮೇಸ್ತ್ರಿಯನ್ನು ಕರೆಯಬೇಕು. ಎರಡನೆಯದಾಗಿ, ಬಾಗಿಲ ಬಳಿ ಒಂದು ಬಕೆಟ್ ನೀರನ್ನು ನಿಧಾನವಾಗಿ ಸುರಿದು ಅದು ಎಲ್ಲಿಗೆ ಹರಿಯುತ್ತದೆ ಎಂದು ನೋಡಿ. ನೀರು ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಜಾಲಿ ಹಾಕಿದ ಗುಂಡಿಯ) ಕಡೆಗೆ ಹೋಗದೆ ಮೂಲೆಯಲ್ಲಿ ಕೆರೆಯಾಗಿ ನಿಂತರೆ ನೆಲದ ವಾಟವೇ ತಪ್ಪಿದೆ, ಅದನ್ನು ಟೈಲ್ಸ್ ಸಂದಿಗೆ ತುಂಬುವ ಯಾವ ಗ್ರೌಟೂ ಸರಿಮಾಡಲಾರದು. ಮೂರನೆಯದು ಕೆಳಮನೆಯ ಸೂರಿನ ಪರೀಕ್ಷೆ. ಮಹಡಿಯ ಬಚ್ಚಲಾದರೆ ಕೆಳಗಿನ ಸೂರಿನಲ್ಲಿ ತೇವದ ಗುರುತಿದೆಯೇ ನೋಡಿ. ಇದ್ದರೆ ಎರಡು ಮೂರು ದಿನ ಆ ಬಚ್ಚಲನ್ನು ಬಳಸದೆ, ಆದರೆ ನಲ್ಲಿಗೆ ಬರುವ ನೀರನ್ನು ನಿಲ್ಲಿಸದೆ ಬಿಡಿ. ತೇವ ಆಗಲೂ ಹೆಚ್ಚುತ್ತಿದ್ದರೆ ಗೋಡೆಯೊಳಗಿನ ಪೈಪು ಸೋರುತ್ತಿರುವ ಸಂಭವ ಹೆಚ್ಚು. ತೇವ ಆರತೊಡಗಿದರೆ ನೆಲದ ಸಂದುಗಳಿಂದಲೋ ಟ್ರ್ಯಾಪಿನ ಸುತ್ತಲಿನಿಂದಲೋ ನೀರು ಇಳಿಯುತ್ತಿದೆ. ಈ ಎರಡನೆಯದು ಬಹಳ ಸಲ ಗ್ರೌಟಿಂಗ್‌ನಿಂದಲೇ ನಿಲ್ಲುತ್ತದೆ. ಮೊದಲನೆಯದು ನಮ್ಮ ಕೈಮೀರಿದ್ದು.

ಸೂರು ಮತ್ತು ಟೈಲ್ಸ್ ಮೇಲಿನ ಗೋಡೆ

ಮೇಲಿನಿಂದ ಕೆಳಕ್ಕೆ ಬರುವುದು ಒಳ್ಳೆಯದು, ಏಕೆಂದರೆ ಸೂರು ಹೆರೆದ ಪುಡಿಯೆಲ್ಲ ಕೆಳಗೇ ಬೀಳುತ್ತದೆ. ಕಪ್ಪು ಬೂಷ್ಟಿನ ಮೇಲೆ ನೇರವಾಗಿ ಪೇಂಟ್ ಬಳಿದರೆ ಮುಂದಿನ ಮಳೆಗಾಲಕ್ಕೇ ಅದು ಮತ್ತೆ ಮೂಡುತ್ತದೆ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ನಾಲ್ಕು ಪಾಲು ನೀರು ಬೆರೆಸಿ, ಬೂಷ್ಟು ಹಿಡಿದ ಜಾಗಕ್ಕೆ ಸ್ಪಂಜಿನಿಂದ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಒರೆಸಿ ತೆಗೆಯಿರಿ. ಕನ್ನಡಕ, ಕೈಗವಸು ಇರಲಿ, ಬಾಗಿಲು ಕಿಟಕಿ ತೆರೆದಿರಲಿ. ಆಮೇಲೆ ಸಡಿಲಾದ ಹಳೆಯ ಬಣ್ಣವನ್ನು ಕೆರೆದು, ಎರಡು ದಿನ ಒಣಗಲು ಬಿಟ್ಟು, ಒಂದು ಕೋಟ್ ಪ್ರೈಮರ್, ಎರಡು ಕೋಟ್ ಬೂಷ್ಟು ನಿರೋಧಕ ಅಕ್ರಿಲಿಕ್ ಎಮಲ್ಷನ್ ಹಾಕಬೇಕು. ಡಿಸ್ಟೆಂಪರ್ ಅಗ್ಗವೆಂದು ಬಚ್ಚಲಿಗೆ ತರಬೇಡಿ, ಅದು ಆವಿಗೆ ಹಪ್ಪಳದಂತೆ ಏಳುತ್ತದೆ.

ಪೇಂಟಿಗೂ ಹಣವಿಲ್ಲದಿದ್ದರೆ ಅಜ್ಜಿಯ ಕಾಲದ ಸುಣ್ಣವೇ ಇದೆ. ಸುಣ್ಣ ತೀವ್ರ ಕ್ಷಾರವಾದ್ದರಿಂದ ಬೂಷ್ಟು ಅದರ ಮೇಲೆ ಸುಲಭವಾಗಿ ಬೆಳೆಯುವುದಿಲ್ಲ. ಹಂಡೆ ಒಲೆಯ ಹೊಗೆ ಹಿಡಿದ ಬಚ್ಚಲಿಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದುದು ಬರಿಯ ಅಂದಕ್ಕಾಗಿರಲಿಲ್ಲ. ಆದರೆ ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ಹಿಡಿಯದು, ಹಳೆಯ ಪೇಂಟನ್ನು ಗಾರೆ ಕಾಣುವವರೆಗೆ ಕೆರೆಯಲೇಬೇಕು. ಬಳಿಯುವಾಗ ಕಣ್ಣಿಗೆ ಹನಿ ಸಿಡಿಯದಂತೆಯೂ ನೋಡಿಕೊಳ್ಳಬೇಕು.

ಬಿಳಿ ಕರೆ ತೆಗೆಯುವುದು

ನೋಟವನ್ನು ಅತಿ ಹೆಚ್ಚು ಬದಲಿಸುವ ಕೆಲಸ ಇದೇ, ಅತಿ ಕಡಿಮೆ ಖರ್ಚಿನದೂ ಇದೇ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆವಿಯಾದಾಗ ಹಿಂದೆ ಉಳಿದು ಕಲ್ಲಿನಂತೆ ಗಟ್ಟಿಯಾಗುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿರುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಕೋಲಾರ, ಚಿತ್ರದುರ್ಗದ ಕಡೆಯ ಬೋರ್‌ವೆಲ್ ನೀರಿನಲ್ಲಿ ಮಿಂದವರಿಗೆ ಸೋಪು ನೊರೆಯೇ ಬಾರದ ಅನುಭವ ಹೊಸದೇನಲ್ಲ. ಈ ಕರೆಯನ್ನು ಉಜ್ಜಿ ತೆಗೆಯಲು ಹೋದರೆ ತೋಳು ಸೋಲುತ್ತದೆ, ನಲ್ಲಿಯ ಹೊಳಪೂ ಹೋಗುತ್ತದೆ. ಅದನ್ನು ಕರಗಿಸಬೇಕು.

ಅದಕ್ಕೆ ಬೇಕಾದದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ, ಅರ್ಧ ಕೆ.ಜಿ. ಇಡೀ ಬಚ್ಚಲಿಗೆ ಸಾಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ ನಾಲ್ಕು ದೊಡ್ಡ ಚಮಚ ಹಾಕಿ ಕರಗಿಸಿ. ಹಳೆಯ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ ನಲ್ಲಿಗೆ ಗಾಯಕ್ಕೆ ಪಟ್ಟಿ ಕಟ್ಟಿದಂತೆ ಸುತ್ತಿ ಇಪ್ಪತ್ತು ನಿಮಿಷ ಬಿಡಿ. ಬಟ್ಟೆ ಬಿಚ್ಚುವಾಗ ಕರೆಯ ಮೇಲೆ ಸಣ್ಣ ಗುಳ್ಳೆಗಳು ಏಳುತ್ತಿರುವುದು ಕಾಣುತ್ತದೆ, ಅದು ಕಲ್ಲು ಕರಗುತ್ತಿರುವ ಗುರುತು. ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ನೀರು ಹುಯ್ದು, ಒಣಬಟ್ಟೆಯಿಂದ ಒರೆಸಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಮಾಡಿ. ರಾತ್ರಿಯಿಡೀ ಕಟ್ಟಿಟ್ಟರೆ ಬೇಗ ಮುಗಿಯುತ್ತದೆಂದು ಆಸೆಪಡಬೇಡಿ, ಕ್ರೋಮ್ ಲೇಪನ ಮಂಕಾಗುತ್ತದೆ. ಟೈಲ್ಸ್ ಮೇಲಿನ ಕರೆಗೆ ಅದೇ ದ್ರಾವಣವನ್ನು ಸ್ಪ್ರೇ ಬಾಟಲಿಯಿಂದ ಸಿಂಪಡಿಸಿ, ಒಣಗದಂತೆ ಆಗಾಗ ಮತ್ತೆ ಸಿಂಪಡಿಸುತ್ತಿರಬೇಕು. ಶವರ್ ತಲೆಯನ್ನು ದ್ರಾವಣ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮುಳುಗಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಮುಚ್ಚಿಹೋದ ತೂತುಗಳು ತೆರೆದುಕೊಳ್ಳುತ್ತವೆ. ಉಳಿದದ್ದಕ್ಕೆ ಗುಂಡುಸೂಜಿ ಇದ್ದೇ ಇದೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಮರೆಯಬಾರದು. ನಮ್ಮ ಊರುಗಳ ಎಷ್ಟೋ ಬಚ್ಚಲುಗಳ ನೆಲ, ಹೊಸ್ತಿಲು, ಗೂಡಿನ ಹಲಗೆಗಳೆಲ್ಲ ಶಹಾಬಾದ್ ಕಲ್ಲಿನವು ಅಥವಾ ಕಡಪ ಕಲ್ಲಿನವು. ಎರಡೂ ಸುಣ್ಣದ ಕಲ್ಲುಗಳೇ. ನಲ್ಲಿಯ ಕರೆಯನ್ನು ಕರಗಿಸುವ ನಿಂಬೆ ಉಪ್ಪು ಇವನ್ನೂ ತಿನ್ನುತ್ತದೆ, ಬಿಳಿಯ ಮಚ್ಚೆಗಳು ಶಾಶ್ವತವಾಗಿ ಉಳಿಯುತ್ತವೆ. ಮಾರ್ಬಲ್, ಮೊಸಾಯಿಕ್‌ಗೂ ಇದೇ ಮಾತು. ಅಂಥ ಕಡೆ ಸೋಪಿನ ನೀರು ಮತ್ತು ನೈಲಾನ್ ಬ್ರಷ್ ಬಿಟ್ಟರೆ ಬೇರೆ ದಾರಿಯಿಲ್ಲ, ಕೆಲಸ ಮಾಡುವಾಗ ಹೊಸ್ತಿಲಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಗ್ರಾನೈಟಿಗೆ ಈ ಭಯವಿಲ್ಲ. ಎರಡನೆಯದು ಜೀವದ ಪ್ರಶ್ನೆ. ಬ್ಲೀಚ್ ಹಾಗೂ ಯಾವುದೇ ಆಮ್ಲ ಒಂದಕ್ಕೊಂದು ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ, ಚಿಕ್ಕ ಬಚ್ಚಲಿನಲ್ಲಿ ಅದು ಅಪಾಯಕಾರಿ. ಆದ್ದರಿಂದ ಸೂರಿಗೆ ಬ್ಲೀಚ್ ಹಾಕಿದ ದಿನ ನಿಂಬೆ ಉಪ್ಪಿನ ಡಬ್ಬಿಯನ್ನೇ ತೆರೆಯಬೇಡಿ. ಬಾಟಲಿಯಲ್ಲಿ ಬಿಡಿಯಾಗಿ ಮಾರುವ ‘ಬಾತ್‌ರೂಮ್ ಆಸಿಡ್’ ಹೈಡ್ರೊಕ್ಲೋರಿಕ್ ಆಮ್ಲ. ಕರೆಯ ಜೊತೆಗೆ ಟೈಲ್ಸ್ ಸಂದಿನ ಸಿಮೆಂಟನ್ನೂ ಅದು ಕರಗಿಸುವುದರಿಂದ ಇವತ್ತು ಫಳಫಳ ಹೊಳೆದ ಬಚ್ಚಲು ವರ್ಷದೊಳಗೆ ಕೆಳಮನೆಗೆ ಸೋರುತ್ತದೆ. ನನ್ನ ಮಟ್ಟಿಗೆ ಅದಕ್ಕೆ ಮನೆಯಲ್ಲಿ ಜಾಗವೇ ಇಲ್ಲ.

ನಲ್ಲಿಗಳು

ಒಂದು ಮಿಲಿಲೀಟರಿಗೆ ಸುಮಾರು ಇಪ್ಪತ್ತು ಹನಿ ಎಂದು ಲೆಕ್ಕ ಹಾಕಿದರೆ, ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ನೀರು ಚೆಲ್ಲುತ್ತದೆ. ಜೊತೆಗೆ ಸಿಂಕಿನ ಮೇಲೆ ಆ ಹಳದಿ ಗೆರೆಯನ್ನೂ ಬರೆಯುತ್ತದೆ. ಹಾಗೆಂದು ತೊಟ್ಟಿಕ್ಕುವ ಪ್ರತಿ ನಲ್ಲಿಯನ್ನೂ ಬದಲಿಸಬೇಕಿಲ್ಲ. ಹಲವು ಸುತ್ತು ತಿರುಗಿಸುವ ಹಳೆಯ ಮಾದರಿಯದಾದರೆ ಒಳಗಿನ ವಾಶರ್ ಬದಲಿಸಿದರೆ ಸಾಕು, ಖರ್ಚು ಹತ್ತಿಪ್ಪತ್ತು ರೂಪಾಯಿ. ಅರ್ಧ ಸುತ್ತಿಗೂ ಕಡಿಮೆ ತಿರುಗುವ ಹೊಸ ಮಾದರಿಯದಾದರೆ ಒಳಗಿನ ಸ್ಪಿಂಡಲ್ ಅನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಹಲ್ಲುಗಳ ಎಣಿಕೆ ಒಂದು ಹೆಚ್ಚುಕಡಿಮೆಯಾದರೂ ಹಿಡಿ ಕೂರುವುದಿಲ್ಲವಾದ್ದರಿಂದ ಫೋಟೊ ತೋರಿಸಿದರೆ ಸಾಲದು.

ಪೂರ್ತಿ ನಲ್ಲಿಯನ್ನೇ ಬದಲಿಸುವುದಾದರೆ ಮೊದಲು ಮಹಡಿ ಹತ್ತಿ. ಟ್ಯಾಂಕಿನ ಕೆಳಗಿನ ಗೇಟ್ ವಾಲ್ವ್ ಮುಚ್ಚಿ, ಕೆಳಗಿಳಿದು ಬಂದು ನಲ್ಲಿ ತಿರುಗಿಸಿ, ನೀರು ನಿಜವಾಗಿಯೂ ನಿಂತಿದೆಯೇ ಎಂದು ಹತ್ತು ನಿಮಿಷ ಕಾದು ನೋಡಿ. ನಾನು ಇದನ್ನು ಮಾಡಲಿಲ್ಲ. ವರ್ಷಗಳಿಂದ ಯಾರೂ ಮುಟ್ಟದ ನಮ್ಮ ವಾಲ್ವ್ ತಿರುಗಿತಾದರೂ ಮುಚ್ಚಿಕೊಂಡಿರಲಿಲ್ಲ. ಗೋಡೆಯಲ್ಲಿದ್ದ ಚಿಕ್ಕ ನಲ್ಲಿ, ಹಳೆಯ ಆಂಗಲ್ ಕಾಕ್ ತಿರುಗಿಸಿದಾಗ ಅದರ ಹಿಂದಿನ ಜಿ.ಐ. (ಸತು ಲೇಪಿತ ಕಬ್ಬಿಣದ) ನಿಪ್ಪಲ್, ಅಂದರೆ ಜೋಡಣೆಯ ಗಿಡ್ಡ ಪೈಪು, ತುಕ್ಕು ಹಿಡಿದಿದ್ದರಿಂದ ಗೋಡೆಯೊಳಗೇ ಮುರಿಯಿತು. ಎದೆಮಟ್ಟದಿಂದ ನೀರಿನ ಧಾರೆ ಎದುರು ಗೋಡೆಗೆ ಚಿಮ್ಮಿತು. ಒಂದು ಕ್ಯಾರೆಟ್‌ಗೆ ಬಟ್ಟೆ ಸುತ್ತಿ ತೂತಿಗೆ ತುರುಕಿ ಹಿಡಿದುಕೊಂಡು ನಿಂತೆ. ಟ್ಯಾಂಕ್ ಖಾಲಿಯಾದ ಮೇಲೆ ಪ್ಲಂಬರ್ ಬಂದು ಎಕ್ಸ್‌ಟ್ರಾಕ್ಟರ್ ಹಾಕಿ ಆ ತುಂಡನ್ನು ತೆಗೆದರು. ಆದ್ದರಿಂದ ಮನೆಯ ಪೈಪು ಜಿ.ಐ. ಆಗಿದ್ದು, ನಲ್ಲಿಯ ಬುಡದಲ್ಲಿ ಕಂದು ತುಕ್ಕು ಕಾಣುತ್ತಿದ್ದರೆ ಆ ಒಂದು ಜೋಡಣೆಯನ್ನು ಪ್ಲಂಬರ್ ಕೈಗೇ ಬಿಡುವುದು ಉಳಿತಾಯ. ನೀವೇ ಬಿಚ್ಚುವುದಾದರೆ ಹಿಂದಿನ ರಾತ್ರಿ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿಟ್ಟು, ಬೆಳಿಗ್ಗೆ ಜರ್ಕ್ ಹೊಡೆಯದೆ ಒಂದೇ ಸಮನೆ ಒತ್ತಡ ಕೊಟ್ಟು ತಿರುಗಿಸಿ.

ಹೊಸ ನಲ್ಲಿ ಕೂರಿಸುವುದು ಕಷ್ಟದ ಕೆಲಸವಲ್ಲ. ನಮ್ಮ ಮನೆಗಳ ನಲ್ಲಿಗಳೆಲ್ಲ ಸಾಮಾನ್ಯವಾಗಿ ಅರ್ಧ ಇಂಚಿನ ಮರೆಯವು (ಮರೆ ಎಂದರೆ ತಿರುಗಿಸಿ ಬಿಗಿಯುವ ತಿರುಪಿನ ಎಳೆಗಳು), ಅಂಗಡಿಯಲ್ಲಿ 15 ಎಂ.ಎಂ. ಎಂದೂ ಕರೆಯುತ್ತಾರೆ. ನಲ್ಲಿಯ ಮರೆ ನಿಮ್ಮ ಕಡೆ ತಿರುಗಿರುವಂತೆ ಹಿಡಿದು ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಬೇಕು. ತಿರುಗಾಮುರುಗಾ ಸುತ್ತಿದರೆ ನಲ್ಲಿ ಬಿಗಿಯುವಾಗ ಟೇಪು ಸುರುಳಿ ಬಿಚ್ಚಿಕೊಂಡು ಹೊರಬರುತ್ತದೆ. ನಮ್ಮಲ್ಲಿ ಸಿಗುವ ತೆಳು ಟೇಪಿಗೆ ಹನ್ನೆರಡರಿಂದ ಹದಿನೈದು ಸುತ್ತು ಬೇಕು, ಎಳೆದು ಬಿಗಿಯಾಗಿ ಸುತ್ತಬೇಕು, ಮೊದಲ ಎಳೆಯನ್ನು ಖಾಲಿ ಬಿಡಬೇಕು. ನಲ್ಲಿಯ ಬುಡದಲ್ಲಿ ಗೋಡೆಯ ತೂತನ್ನು ಮುಚ್ಚುವ ಬಿಲ್ಲೆ, ವಾಲ್ ಫ್ಲ್ಯಾಂಜ್ ಹಾಕಲು ಮರೆಯಬೇಡಿ. ನಲ್ಲಿ ಪೂರ್ತಿ ಬಿಗಿದ ಮೇಲೆ ಅದು ಟೇಬಲ್ ಮೇಲೆ ಉಳಿದಿರುವುದು ಕಂಡಾಗ ಆಗುವ ಬೇಸರ ನನಗೆ ಗೊತ್ತು. ಕೈಯಿಂದ ತಿರುಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರ್ ಹಲ್ಲಿಗೆ ಬಟ್ಟೆ ಸುತ್ತಿ ಒಂದು ಒಂದೂವರೆ ಸುತ್ತು ಬಿಗಿಯಿರಿ. ನಲ್ಲಿ ನೆಟ್ಟಗೆ ನಿಲ್ಲಲಿಲ್ಲವೆಂದು ಹಿಂದಕ್ಕೆ ತಿರುಗಿಸಿದರೆ ಆ ಟೇಪು ಕೆಟ್ಟಂತೆಯೇ, ತೆಗೆದು ಹೊಸದಾಗಿ ಸುತ್ತಬೇಕು. ಸಿ.ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಪೈಪಿನ ಮನೆಯಾದರೆ ಬಲ ತೋರಿಸಬೇಡಿ, ಪ್ಲಾಸ್ಟಿಕ್ ಮರೆಯಾದರೆ ಬಿಗಿತ ಹೆಚ್ಚಾದಾಗ ಗೋಡೆಯೊಳಗೆ ಸೀಳುತ್ತದೆ.

ಶವರ್ ಕೊಳ್ಳುವ ಮುನ್ನ ಟ್ಯಾಂಕಿನ ಎತ್ತರವನ್ನು ಅಳೆಯಿರಿ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಶವರ್ ಪೆಟ್ಟಿಗೆಯ ಮೇಲೆ ಒಂದು ಬಾರ್ ಬೇಕೆಂದು ಬರೆದಿದ್ದು, ನಿಮ್ಮ ಟ್ಯಾಂಕ್ ಬಚ್ಚಲಿನಿಂದ ಎಂಟು ಅಡಿ ಮೇಲಷ್ಟೇ ಇದ್ದರೆ ಸಿಗುವುದು ಅದರ ಕಾಲುಭಾಗ. ಅಂಗಡಿಯಲ್ಲಿ ಮಳೆಯಂತೆ ಸುರಿದ ಅಗಲವಾದ ಶವರ್ ಮೇಲ್ಮಹಡಿಯ ಮನೆಯಲ್ಲಿ ಸೋನೆಯಂತೆ ಜಿನುಗುವುದು ಇದಕ್ಕೇ. ಅಂಥಲ್ಲಿ ಕಡಿಮೆ ತೂತಿನ ಚಿಕ್ಕ ಶವರೇ ಮೇಲು, ಒಂದು ಬಕೆಟ್ ಮತ್ತು ಚೊಂಬು ಇನ್ನೂ ಮೇಲು.

ಸಿಂಕಿನ ನಲ್ಲಿಗೆ ಏರೇಟರ್ ಹಾಕಿ. 2024ರ ಬೇಸಿಗೆಯ ನೀರಿನ ಅಭಾವದಲ್ಲಿ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳು, ಅಪಾರ್ಟ್‌ಮೆಂಟ್‌ಗಳಿಗೆ ಇದನ್ನು ಕಡ್ಡಾಯ ಮಾಡಿದಾಗ ಹಲವರು ಈ ಹೆಸರನ್ನು ಮೊದಲ ಸಲ ಕೇಳಿದರು. ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ತುಂಬಿದಂತೆ ತೋರಿಸುವ ಈ ಚಿಕ್ಕ ಜಾಲರಿ ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ಬಿಚ್ಚಿ ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿದರೆ ಸರಿ.

ಕಮೋಡ್, ಫ್ಲಶ್ ಟ್ಯಾಂಕ್, ನಹಾನಿ ಟ್ರ್ಯಾಪ್

ಫ್ಲಶ್ ಟ್ಯಾಂಕ್ ಒಳಗೇ ಸೋರುತ್ತಿದ್ದರೆ ಸದ್ದೂ ಕೇಳದು. ಟ್ಯಾಂಕಿಗೆ ಸ್ವಲ್ಪ ಬೀಟ್‌ರೂಟ್ ರಸ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಕೆಂಪು ಬಂದರೆ ತಳದ ರಬ್ಬರ್ ವಾಶರ್ ಬದಲಿಸಬೇಕು. ಹಳದಿಯಾದ ಸೀಟ್ ಕವರ್ ಬದಲಿಸುವುದು ಹತ್ತು ನಿಮಿಷದ ಕೆಲಸ, ಆದರೆ ಹಳೆಯದರ ಆಕಾರವನ್ನು ಕಾಗದದ ಮೇಲೆ ಗೆರೆ ಎಳೆದು ಅಂಗಡಿಗೆ ಒಯ್ಯಿರಿ.

ಬಚ್ಚಲಿನಲ್ಲಿ ಗಟಾರದ ವಾಸನೆ ಬರುತ್ತಿದ್ದರೆ ಪರಿಮಳದ ಡಬ್ಬಿ ತೂಗುಹಾಕುವ ಮೊದಲು ನಹಾನಿ ಟ್ರ್ಯಾಪಿನ ಜಾಲಿ ಎತ್ತಿ ನೋಡಿ. ಒಳಗಿನ ಬಟ್ಟಲಿನಲ್ಲಿ ಸದಾ ನಿಲ್ಲಬೇಕಾದ ನೀರೇ ಕೆಳಗಿನ ಗಾಳಿಯನ್ನು ತಡೆಯುವ ಮುಚ್ಚಳ. ಅತಿಥಿಗಳು ಬಂದಾಗ ಮಾತ್ರ ಬಳಸುವ ಬಚ್ಚಲಿನಲ್ಲಿ ಆ ನೀರು ಆರಿ ವಾಸನೆಯೂ ಜಿರಳೆಯೂ ಮೇಲೆ ಬರುತ್ತವೆ. ವಾರಕ್ಕೊಂದು ಚೊಂಬು ನೀರು ಹುಯ್ದರೆ ಅದಕ್ಕಿಂತ ಬೇರೆ ಔಷಧ ಬೇಡ. ಜಾಲಿ ತುಕ್ಕು ಹಿಡಿದಿದ್ದರೆ ಸ್ಟೇನ್‌ಲೆಸ್ ಸ್ಟೀಲಿನ ಜಿರಳೆ ತಡೆಯ ಜಾಲಿಯನ್ನು ಅದೇ ಅಳತೆಯಲ್ಲಿ ತಂದು ಕೂರಿಸಿ.

ತೂತು ಕೊರೆಯುವ ಕೆಲಸ

ಕನ್ನಡಿ, ಶೆಲ್ಫ್, ಟವೆಲ್ ಕಂಬಿಗಳಿಗೆ ಬೇಕಾದ ತೂತುಗಳನ್ನು ಗ್ರೌಟಿಂಗ್‌ಗೆ ಮುಂಚೆಯೇ ಕೊರೆದು ಮುಗಿಸಿ. ನಲ್ಲಿಯ ನೇರ ಮೇಲೆ, ನೇರ ಕೆಳಗೆ ಹಾಗೂ ಎರಡು ನಲ್ಲಿಗಳನ್ನು ಜೋಡಿಸುವ ಅಡ್ಡ ಗೆರೆಯಲ್ಲಿ ಪೈಪು ಇರುವುದು ಹೆಚ್ಚು. ಗೀಸರ್ ಹಾಗೂ ಸ್ವಿಚ್‌ಬೋರ್ಡಿನ ಸುತ್ತಲೂ ವೈರು ಇರುತ್ತದೆ. ಈ ಗೆರೆಗಳಿಂದ ಕನಿಷ್ಠ ಅರ್ಧ ಅಡಿ ದೂರವಿರಿ. ಗುರುತಿನ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿದರೆ ಬಿಟ್ ಜಾರುವುದಿಲ್ಲ. ಈಟಿಯ ಮೊನೆಯಂಥ ಟೈಲ್ ಬಿಟ್ ಹಾಕಿ, ಡ್ರಿಲ್ಲಿನ ಹ್ಯಾಮರ್ ಮೋಡ್ (ಬಡಿಯುತ್ತ ಕೊರೆಯುವ ವಿಧಾನ) ಆಫ್ ಮಾಡಿ, ನಿಧಾನ ವೇಗದಲ್ಲಿ ಟೈಲು ದಾಟುವವರೆಗೆ ಕೊರೆಯಿರಿ. ಟೈಲು ದಾಟಿದ ಮೇಲಷ್ಟೇ ಗೋಡೆಯ ಬಿಟ್ ಮತ್ತು ಹ್ಯಾಮರ್. ನಡುವೆ ತಂಪಾಗಿಸಲು ಒದ್ದೆ ಸ್ಪಂಜನ್ನು ಬಿಟ್‌ಗೆ ಒತ್ತಿ, ಡ್ರಿಲ್ ಮೋಟರಿಗೆ ನೀರು ತಾಗಿಸಬೇಡಿ. ಬಚ್ಚಲಿನ ನಡುಗೋಡೆಗಳು ಎಷ್ಟೋ ಕಡೆ ನಾಲ್ಕಿಂಚಿನ ಸಿಮೆಂಟ್ ಬ್ಲಾಕಿನವು, ಎರಡಿಂಚಿಗಿಂತ ಆಳಕ್ಕೆ ಹೋಗುವ ಅಗತ್ಯವಿಲ್ಲ.

ಹೊಸ ಶೆಲ್ಫಿಗಿಂತ ಮೊದಲು, ಮನೆಯಲ್ಲಿ ವಯಸ್ಸಾದವರಿದ್ದರೆ, ಹಿಡಿಕಂಬಿಗೆ ದುಡ್ಡು ಎತ್ತಿಡಿ. ಕಮೋಡಿನ ಪಕ್ಕದಲ್ಲಿ ಒಂದು, ಸ್ನಾನ ಮಾಡುವಲ್ಲಿ ಒಂದು ಸಾಕು. ಪ್ರತಿ ತುದಿಗೆ ಮೂರು ಸ್ಕ್ರೂ ಇರುವ ಸ್ಟೀಲ್ ಕಂಬಿಯೇ ಆಗಬೇಕು. ಹೀರಿಕೊಂಡು ಗೋಡೆಗೆ ಅಂಟುವ ರಬ್ಬರ್ ಬಟ್ಟಲಿನ ಕಂಬಿಗಳನ್ನು ನಂಬಿ ಭಾರ ಹಾಕುವುದು ಅಪಾಯ. ಕೂರಿಸಿದ ಮೇಲೆ ನೀವೇ ಪೂರ್ತಿ ಮೈಭಾರ ಬಿಟ್ಟು ಜೋತಾಡಿ ಪರೀಕ್ಷಿಸಿ.

ಸಂದು ತುಂಬುವುದು

ಈಗ ಗ್ರೌಟಿಂಗ್. ನೆಲ ಮತ್ತು ಗೋಡೆಯ ಕೆಳಗಿನ ನಾಲ್ಕಡಿ, ನೀರು ಸಿಡಿಯುವ ಈ ಭಾಗಕ್ಕಷ್ಟೇ ಮಾಡಿದರೂ ನಡೆಯುತ್ತದೆ. ಗ್ರೌಟ್ ಸ್ಕ್ರೇಪರ್ ಇಲ್ಲವೇ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಹಳೆಯ ಕಪ್ಪು ಸಿಮೆಂಟನ್ನು ಎರಡು ಮೂರು ಮಿಲಿಮೀಟರ್ ಆಳಕ್ಕೆ ಕೆರೆದು ತೆಗೆಯಬೇಕು. ಬೇಸರದ ಕೆಲಸ ಇದು, ಮೊಣಕಾಲಡಿಗೆ ದಿಂಬು ಬೇಕು. ಆದರೆ ಇಲ್ಲಿ ಕಳ್ಳಾಟ ಆಡಿದರೆ ಹೊಸ ಗ್ರೌಟು ಹಳೆಯದರ ಮೇಲೆ ಚಕ್ಕೆಯಾಗಿ ಕೂತು ತಿಂಗಳಲ್ಲಿ ಏಳುತ್ತದೆ. ಕೆರೆದ ಪುಡಿಯನ್ನು ಬ್ರಷ್‌ನಿಂದ ಹೊರಹಾಕಿ, ತೊಳೆದು, ಒಂದು ದಿನ ಒಣಗಲು ಬಿಡಿ.

ಯಾವ ಗ್ರೌಟ್ ಎಂಬುದನ್ನು ಸಂದಿನ ಅಗಲ ನಿರ್ಧರಿಸುತ್ತದೆ. ಹಳೆಯ ಮನೆಗಳಲ್ಲಿ ಟೈಲ್ಸ್‌ಗಳನ್ನು ಒಂದಕ್ಕೊಂದು ತಾಗಿಸಿ ಕೂರಿಸಿ ವೈಟ್ ಸಿಮೆಂಟ್ ಒರೆಸಿರುತ್ತಾರೆ, ಮೇಸ್ತ್ರಿಗಳು ಇದಕ್ಕೆ ಪೇಪರ್ ಜಾಯಿಂಟ್ ಎನ್ನುತ್ತಾರೆ. ಅಷ್ಟು ಕಿರಿದಾದ ಸಂದಿಗೆ ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಇಳಿಯುವುದಿಲ್ಲ. ಮರಳಿಲ್ಲದ ನುಣುಪಾದ ಸಿಮೆಂಟ್ ಗ್ರೌಟಿಗೆ ನೀರಿನ ಬದಲು ಲೇಟೆಕ್ಸ್ ದ್ರವ ಬೆರೆಸಿ ತುಂಬಿದರೆ ಚೆನ್ನಾಗಿ ಹಿಡಿಯುತ್ತದೆ. ಸಂದು ಮೂರು ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ನೆಲಕ್ಕೆ ಎಪಾಕ್ಸಿಯನ್ನೇ ಹಾಕಿ. ಬೆಲೆ ಹಲವು ಪಟ್ಟು ಹೆಚ್ಚಾದರೂ ಅದು ನೀರು ಕುಡಿಯುವುದಿಲ್ಲ, ಕಪ್ಪಾಗುವುದೂ ಕಡಿಮೆ. ಆದರೆ ಎಪಾಕ್ಸಿ ಕಲಸಿದ ಮೇಲೆ ಸಿಗುವ ಸಮಯ ಅರ್ಧ ಮುಕ್ಕಾಲು ಗಂಟೆ ಮಾತ್ರ, ನಮ್ಮ ಬೇಸಿಗೆಯಲ್ಲಿ ಅದಕ್ಕಿಂತಲೂ ಕಡಿಮೆ. ಒಮ್ಮೆಗೆ ಕಾಲು ಕೆ.ಜಿ.ಯಷ್ಟೇ ಕಲಸಿ, ರಬ್ಬರ್ ಪಟ್ಟಿಯಿಂದ ಸಂದಿಗೆ ಓರೆಯಾಗಿ ಒತ್ತಿ ತುಂಬಿ, ಟೈಲ್ಸ್ ಮೇಲೆ ಉಳಿದದ್ದನ್ನು ಕೂಡಲೇ ಒದ್ದೆ ಸ್ಪಂಜಿನಿಂದ ಒರೆಸಿ. ಆಮೇಲೆ ಒರೆಸಿದರಾಯಿತೆಂದು ಬಿಟ್ಟ ಒಂದು ಬೆರಳಚ್ಚು ನಮ್ಮ ಬಚ್ಚಲಿನ ಮೂಲೆಯಲ್ಲಿ ಈಗಲೂ ಹಾಗೇ ಇದೆ.

ಬಣ್ಣದ ಬಗ್ಗೆ ಒಂದು ಮಾತು. ಗಡಸು ನೀರಿನ ಮನೆಯಲ್ಲಿ ಅಚ್ಚ ಬಿಳಿಯೂ ಬೇಡ, ಕಪ್ಪೂ ಬೇಡ. ಬಿಳಿಯಲ್ಲಿ ಕೊಳೆ ಕಾಣುತ್ತದೆ, ಕಪ್ಪಿನಲ್ಲಿ ಲವಣ ಕಾಣುತ್ತದೆ. ತಿಳಿ ಬೂದು ಅಥವಾ ಮಣ್ಣಿನ ಬಣ್ಣ ಎರಡನ್ನೂ ಮುಚ್ಚುತ್ತದೆ.

ಸಿಲಿಕಾನ್ ಎಳೆಯುವುದು

ಗೋಡೆ ನೆಲ ಕೂಡುವ ಮೂಲೆ, ಸಿಂಕಿನ ಹಿಂಬದಿ, ಕಮೋಡಿನ ಬುಡ, ಈ ಕಡೆಗಳಲ್ಲಿ ಸಿಮೆಂಟ್ ಗ್ರೌಟ್ ಬಿರುಕು ಬಿಡುತ್ತದೆ. ಎರಡು ಮೈಗಳು ಬೇರೆ ಬೇರೆಯಾಗಿ ಅಲುಗುವ ಜಾಗವಾದ್ದರಿಂದ ಹಿಗ್ಗುವ ಸಿಲಿಕಾನ್ ಬೇಕು. ಟ್ಯೂಬಿನ ಮೇಲೆ ‘ಸ್ಯಾನಿಟರಿ’ ಎಂದೂ, ಬೂಷ್ಟು ನಿರೋಧಕವೆಂದೂ ಬರೆದಿರುವುದನ್ನೇ ಕೊಳ್ಳಿ. ಸುಮಾರು 280 ಮಿಲಿಲೀಟರಿನ ಒಂದು ಟ್ಯೂಬು ಒಂದು ಬಚ್ಚಲಿಗೆ ಸಾಕು, ಗನ್ ಅನ್ನು ಪಕ್ಕದ ಮನೆಯಿಂದ ಕೇಳಿ ಪಡೆಯಬಹುದು.

ಜಾಗ ಎಳ್ಳಷ್ಟೂ ಒದ್ದೆಯಿರಬಾರದು. ಸಂದಿನ ಎರಡೂ ಬದಿಗೆ ಆರು ಮಿಲಿಮೀಟರ್ ಅಂತರ ಬಿಟ್ಟು ಮಾಸ್ಕಿಂಗ್ ಟೇಪು ಅಂಟಿಸಿ. ಟ್ಯೂಬಿನ ಮೂತಿಯನ್ನು ಓರೆಯಾಗಿ ಕತ್ತರಿಸಿ, ಗನ್ ಅನ್ನು ಒಂದೇ ವೇಗದಲ್ಲಿ ನಿಮ್ಮ ಕಡೆಗೆ ಎಳೆಯುತ್ತ ಬನ್ನಿ. ಮೂಲೆಯಿಂದ ಮೂಲೆಯವರೆಗೆ ಕೈ ನಿಲ್ಲಬಾರದು. ಕೂಡಲೇ ಬೆರಳನ್ನು ಸೋಪಿನ ನೀರಿನಲ್ಲಿ ಅದ್ದಿ, ಹೋಳಿಗೆಯ ಅಂಚು ಒತ್ತುವಷ್ಟು ಹಗುರವಾಗಿ ಒಂದೇ ಸಲ ಸವರಿ. ಸಿಲಿಕಾನ್ ಮೇಲೆ ಪೊರೆ ಕಟ್ಟುವ ಮೊದಲೇ, ಐದು ಹತ್ತು ನಿಮಿಷದೊಳಗೆ, ಟೇಪನ್ನು ಓರೆಯಾಗಿ ಎಳೆದು ತೆಗೆದರೆ ಅಂಚು ಗೆರೆ ಎಳೆದಂತೆ ಬರುತ್ತದೆ. ಇನ್ನೊಮ್ಮೆ ಸವರಿ ಚಂದ ಮಾಡೋಣ ಎನ್ನಿಸುವುದು ಸಹಜ, ಆದರೆ ಕೆಡುವುದೂ ಆಗಲೇ. ಕಮೋಡಿನ ಬುಡಕ್ಕೆ ಹಾಕುವಾಗ ಹಿಂಭಾಗದಲ್ಲಿ ಎರಡು ಬೆರಳಿನಷ್ಟು ಜಾಗವನ್ನು ಮುಚ್ಚದೆ ಬಿಡಿ, ಮುಂದೆ ಒಳಗೆ ಸೋರಿದರೆ ನೀರು ಅಲ್ಲಿಂದ ಹೊರಬಂದು ಸುಳಿವು ಕೊಡುತ್ತದೆ. ಇಪ್ಪತ್ತನಾಲ್ಕು ಗಂಟೆ ನೀರು ತಾಗಿಸಬಾರದು. ಊರಿಗೆ ಹೋಗುವ ಹಿಂದಿನ ದಿನ ಈ ಕೆಲಸ ಇಟ್ಟುಕೊಳ್ಳುವುದು ಅನುಕೂಲ.

ಗಾಳಿ, ವಿದ್ಯುತ್, ಬಾಗಿಲು

ಇಷ್ಟೆಲ್ಲ ಮಾಡಿಯೂ ಒಳಗಿನ ಆವಿ ಹೊರಹೋಗದಿದ್ದರೆ ಬೂಷ್ಟು ವಾಪಸಾಗುತ್ತದೆ. ವೆಂಟಿಲೇಟರಿನ ಒಂದೆರಡು ಗಾಜಿನ ಪಟ್ಟಿ ತೆಗೆದು ಆರು ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಸ್ನಾನದ ನಂತರ ಹದಿನೈದು ನಿಮಿಷ ತಿರುಗಲಿ. ಬಾಗಿಲಿನ ಕೆಳಗೆ ಅರ್ಧ ಇಂಚು ಸಂದಿಲ್ಲದಿದ್ದರೆ ಒಳಕ್ಕೆ ಗಾಳಿಯೇ ಬಾರದೆ ಫ್ಯಾನು ಸುಮ್ಮನೆ ಗೊರಗುಟ್ಟುತ್ತದೆ.

ಫ್ಯಾನಿಗೆ, ಕನ್ನಡಿಯ ದೀಪಕ್ಕೆ, ಗೀಸರಿಗೆ ವೈರಿಂಗ್ ಮಾಡುವುದನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ಗೆ ಬಿಡಿ. ಒದ್ದೆ ನೆಲದ ಮೇಲೆ ನಿಂತು ಕಲಿಯುವ ವಿದ್ಯೆಯಲ್ಲ ಅದು. ಅವರು ಬಂದಾಗ ಎರಡನ್ನು ಕೇಳಿ ನೋಡಿಸಿ. ಮೂರು ಕಿಲೋವ್ಯಾಟ್ ಗೀಸರ್ ಹದಿಮೂರು ಆಂಪಿಯರ್ ಎಳೆಯುವುದರಿಂದ ಅದಕ್ಕೆ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ ಇದೆಯೇ, ಅರ್ಥಿಂಗ್ ಸರಿಯಿದೆಯೇ ಎಂಬುದು ಒಂದು. ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಮನೆಗೆ ಇದ್ದು, ಅದರ ಪರೀಕ್ಷಾ ಗುಂಡಿ ಒತ್ತಿದರೆ ಬೀಳುತ್ತದೆಯೇ ಎಂಬುದು ಇನ್ನೊಂದು.

ಕೊಳೆತ ಬಾಗಿಲಿನ ಬುಡಕ್ಕೆ ಒಂದಡಿ ಎತ್ತರದ ಅಲ್ಯೂಮಿನಿಯಂ ತಗಡನ್ನು ಒಳಬದಿಗೆ ಹೊಡೆಸಿದರೆ ಇನ್ನು ಕೆಲವು ವರ್ಷ ಬರುತ್ತದೆ. ಹೊಡೆಯುವ ಮುನ್ನ ಮೆತ್ತಗಾದ ಮರವನ್ನು ಕೆರೆದು ಒಣಗಿಸಿ, ಕೆಳಗಿನ ಅಂಚಿಗೂ ಎನಾಮಲ್ ಪೇಂಟ್ ಬಳಿಯಬೇಕು. ಬಡಗಿಗಳು ಮರೆಯುವುದು ಈ ಅಂಚನ್ನೇ, ನೀರು ಹತ್ತುವುದೂ ಅಲ್ಲಿಂದಲೇ. ಟೈಲ್ಸ್ ಮೇಲೆ ಬಳಿಯುವ ಪೇಂಟು, ಅಂಟಿಸುವ ವಿನೈಲ್ ಸ್ಟಿಕ್ಕರುಗಳಿಗೆ ನಾನು ಖರ್ಚು ಮಾಡಲಾರೆ. ಸಿಂಕಿನ ಹಿಂದಿನ ಒಣ ಗೋಡೆಯಲ್ಲಿ ಅವು ಕೆಲಕಾಲ ಚೆನ್ನಾಗಿ ಕಂಡರೂ, ದಿನಾ ನೀರು ಬೀಳುವ ನೆಲದ ಮೇಲೆ ಅಂಚಿನಿಂದ ಏಳತೊಡಗುತ್ತವೆ, ಎದ್ದ ಮೇಲೆ ಅಡಿಯ ಅಂಟನ್ನು ತೆಗೆಯುವುದು ಕರೆ ತೆಗೆಯುವುದಕ್ಕಿಂತ ದೊಡ್ಡ ಕೆಲಸ.

ಬಾಡಿಗೆ ಮನೆಯವರು ತೂತು ಕೊರೆಯುವ ಮೊದಲು ಮಾಲೀಕರಿಂದ ಒಂದು ಸಂದೇಶದಲ್ಲಾದರೂ ಒಪ್ಪಿಗೆ ಪಡೆದಿರಲಿ. ಬಿಚ್ಚಿದ ಹಳೆಯ ಶವರ್, ಹೆಲ್ತ್ ಫಾಸೆಟ್, ಸೀಟ್ ಕವರ್‌ಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ, ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಿ ಅಟ್ಟದ ಮೇಲಿಡಿ. ಮನೆ ಬಿಡುವ ದಿನ ಅವನ್ನು ಮತ್ತೆ ಜೋಡಿಸಿ, ನೀವು ದುಡ್ಡು ಕೊಟ್ಟು ತಂದವುಗಳನ್ನು ಜೊತೆಗೇ ಒಯ್ಯಬಹುದು.